ಬಾಂದು ಕಲ್ಲು: ಮನೆಗೆ ಎಷ್ಟು ವಯಸ್ಸೋ ಅಷ್ಟು ಸಹಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಹಳ್ಳಿಮನೆಗಳನ್ನು ಕುರಿತವು. ಬೆಂಗಳೂರಿನವರಿಗೆ ತೊಟ್ಟಿಮನೆಯ ಹುಚ್ಚು ಹಿಡಿದಿದೆ. ಹಿಡಿಯಲಿ, ಕೆಟ್ಟ ಹುಚ್ಚೇನಲ್ಲ. ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆಯುತ್ತ 34 ವರ್ಷ ಕಳೆದವನು ನಾನು. ಅಂಥ ಮನೆಗಳ ಜಗುಲಿಯ ಮೇಲೆ ಕುಳಿತು ಕುಡಿದ ಮಜ್ಜಿಗೆಗೆ ಲೆಕ್ಕವಿಲ್ಲ. ಆದರೆ ಜಗುಲಿಯಲ್ಲಿ ಕುಳಿತವನಿಗೆ ಕಂಬ ಕಾಣುತ್ತದೆ, ಹಿತ್ತಲ ಬೇಲಿ ಕಾಣುವುದಿಲ್ಲ. ನನ್ನ ಕೆಲಸವಿದ್ದದ್ದು ಬೇಲಿಯ ಹತ್ತಿರ.

ಪ್ರಶ್ನೆ: ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ಒಂದು ಹಳ್ಳಿಯ ಅಂಚಿನಲ್ಲಿ ತೊಟ್ಟಿಮನೆ ಮಾರಾಟಕ್ಕಿದೆ. ನೂರ ಇಪ್ಪತ್ತು ವರ್ಷ ಹಳೆಯದು, ಶಾನುಭೋಗರ ಮನೆ ಎನ್ನುತ್ತಾರೆ. ಹನ್ನೆರಡು ಕಂಬ, ಹೆಬ್ಬಾಗಿಲು, ಹಿಂದೆ ಸೇದುವ ಬಾವಿ. ಹಿತ್ತಲಿಗೆ ಹೊಂದಿಕೊಂಡು 3 ಎಕರೆ 12 ಗುಂಟೆ ಜಮೀನು. ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದ್ದಾರೆ. ಪಹಣಿಯ ಪ್ರತಿ ಲಗತ್ತಿಸಿದ್ದೇವೆ. ನಾವಿಬ್ಬರೂ ಸಾಫ್ಟ್‌ವೇರ್ ಕಂಪನಿಯಲ್ಲಿರುವವರು, ಕೃಷಿಕರಲ್ಲ. ಬೇರೆ ಗಿರಾಕಿಗಳೂ ಬರುತ್ತಿದ್ದಾರಂತೆ. ಮುಂಗಡ ಕೊಟ್ಟುಬಿಡಬಹುದೇ?
— ರಾಜಾಜಿನಗರದ ದಂಪತಿ

ಉತ್ತರ: ಕೊಡಬೇಡಿ. ಇನ್ನು ಆರು ವಾರ ಕೊಡಬೇಡಿ. ಬೇರೆ ಗಿರಾಕಿ ಎಂಬವನು ನಾನು ಕೆಲಸಕ್ಕೆ ಸೇರುವುದಕ್ಕೂ ಮೊದಲಿನಿಂದ ಬರುತ್ತಲೇ ಇದ್ದಾನೆ, ಅವನನ್ನು ಕಣ್ಣಾರೆ ಕಂಡವರು ಕಡಿಮೆ.

ಸುಲಭದ್ದನ್ನು ಮೊದಲು ಮುಗಿಸೋಣ. ಕೃಷಿಕರಲ್ಲ ಎಂಬ ಅಳುಕು ಬಿಡಿ. 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು ನಿಮ್ಮಂಥವರನ್ನು ತಡೆಯುತ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಿದರು. ಒಟ್ಟು ಹಿಡುವಳಿಗೆ ಗರಿಷ್ಠ ಮಿತಿ ಇನ್ನೂ ಇದೆ, ಆದರೆ ಮೂರು ಎಕರೆಗೆ ಅದು ತಟ್ಟುವುದಿಲ್ಲ.

ಇನ್ನು ಪಹಣಿ. ಎರಡು ಸಲ ಓದಿದೆ. ಅದರಲ್ಲಿ ನಿಮ್ಮ ಹನ್ನೆರಡು ಕಂಬಗಳಿಲ್ಲ, ಹೆಬ್ಬಾಗಿಲೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಪಹಣಿ ಹೇಳುವುದು ಸರ್ವೆ ನಂಬರಿನ ನೆಲದ ಮಾತನ್ನು. ಊರೊಳಗಿನ ಮನೆ ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಾಸದ ನೆಲದಲ್ಲಿರುತ್ತದೆ, ಅದರ ದಾಖಲೆ ಗ್ರಾಮ ಪಂಚಾಯಿತಿಯಲ್ಲಿರುತ್ತದೆ. ಪಂಚಾಯಿತಿಯ ಗಣಕದ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಎಂದು ಕೇಳಿ ಪಡೆಯಬೇಕು. ಮನೆ ಒಂದು ಸ್ವತ್ತು, ಜಮೀನು ಇನ್ನೊಂದು ಸ್ವತ್ತು. ಎರಡಕ್ಕೂ ಬೇರೆ ಬೇರೆ ಖಾತೆ, ಬೇರೆ ಬೇರೆ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಹಲವು ಸಲ ಬೇರೆ ಬೇರೆ ವಾರಸುದಾರರು. ಒಂದೇ ಮೊತ್ತ ಹೇಳುವವರು ಈ ಎರಡರಲ್ಲಿ ಯಾವುದೋ ಒಂದರ ಕುಂಟನ್ನು ಇನ್ನೊಂದರ ಹೆಗಲಿಗೆ ಹೊರಿಸುತ್ತಿರುತ್ತಾರೆ. ಮನೆಗೆ ಎಷ್ಟು, ಎಕರೆಗೆ ಎಷ್ಟು ಎಂದು ಬಿಡಿಸಿ ಕೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಕೆಲಸವಿದೆ.

ನಿಮ್ಮ ಮನೆ ಊರಿನ ಅಂಚಿನಲ್ಲಿದೆ ಎಂದಿದ್ದೀರಿ. ಇದು ನನಗೆ ಪರಿಚಿತ ತಲೆನೋವು. 1986ರಲ್ಲಿ ಅದೇ ಮಾಗಡಿ ತಾಲ್ಲೂಕಿನ ಇನ್ನೊಂದು ದಿಕ್ಕಿನಲ್ಲಿ ಇಂಥದೇ ಮನೆಯ ಹಿಂದೆ ಅಳತೆಗೆ ಹೋಗಿದ್ದೆ. ನಮ್ಮ ಸರಪಳಿ 33 ಅಡಿ ಉದ್ದ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಈಗಲೂ ಗುಂಟೆಗೆ 1,089 ಚದರಡಿ ಎನ್ನುವುದು ಆ ಲೆಕ್ಕದಿಂದಲೇ. ಅಂದು ಟಿಪ್ಪಣಿಯಲ್ಲಿ, ಅಂದರೆ ಹಳೆಯ ಅಳತೆಯ ದಾಖಲೆಯಲ್ಲಿದ್ದ ಮೂಲೆಯ ಬಾಂದು ಕಲ್ಲು, ಗಡಿ ಗುರುತಿನ ಕಲ್ಲು, ಜಾಗದಲ್ಲಿ ಇರಲಿಲ್ಲ. ಬಿಸಿಲಲ್ಲಿ ಮೂರು ಗಂಟೆ ಹುಡುಕಿದೆವು. ಕೊನೆಗೆ ಮನೆಯ ಅಜ್ಜಿ ಮಜ್ಜಿಗೆ ಕೊಡಲು ಬಂದವರು, ‘ಚೌಕದ ಕಲ್ಲು ತಾನೇ? ಅದನ್ನು ನಮ್ಮ ಮಾವ ಬಟ್ಟೆ ಒಗೆಯುವುದಕ್ಕೆ ತಂದು ಹಾಕಿಕೊಟ್ಟರು’ ಎಂದು ಬಚ್ಚಲ ಕಡೆಗೆ ಕೈ ತೋರಿಸಿದರು. ನಲವತ್ತು ವರ್ಷ ಸೀರೆ ಒಗೆದು ಸವೆದಿದ್ದ ಸರ್ಕಾರಿ ಕಲ್ಲು! ಉಳಿದ ಮೂಲೆಗಳಿಂದ ಗೆರೆ ಎಳೆದು ನೋಡಿದರೆ ಅದು ಅಡುಗೆಮನೆಗೂ ಬಚ್ಚಲಿಗೂ ನಡುವೆ ಹಾದುಹೋಯಿತು. ಅಡುಗೆ ಗ್ರಾಮಠಾಣಾದಲ್ಲಿ, ಸ್ನಾನ ಸರ್ವೆ ನಂಬರಿನಲ್ಲಿ. ಆ ಮನೆಯವರು ಮಾರಲು ಹೊರಟಿರಲಿಲ್ಲ, ಆದ್ದರಿಂದ ನಕ್ಕು ಸುಮ್ಮನಾದೆವು. ನೀವು ಕೊಳ್ಳಲು ಹೊರಟಿದ್ದೀರಿ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಮಾರುವವರಿಂದಲೇ ಅರ್ಜಿ ಹಾಕಿಸಿ, ಅಳತೆಯ ದಿನ ನೀವೂ ಹೋಗಿ, ಛತ್ರಿ ತೆಗೆದುಕೊಂಡು ಹೋಗಿ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿರಬೇಕು. ಯಾರು ಬಂದರು, ಯಾರು ದೂರ ನಿಂತು ನೋಡಿದರು ಎಂಬುದನ್ನೂ ಗಮನಿಸಿ.

ಪಹಣಿಯ ಮೂರನೆಯ ಕಾಲಂನಲ್ಲಿ 3 ಎಕರೆ 12 ಗುಂಟೆ ಇದೆ, ನಿಜ. ಅದರ ಕೆಳಗೆ ‘ಬ ಖರಾಬು 9 ಗುಂಟೆ’ ಎಂದಿರುವುದನ್ನು ನೀವು ನೋಡಿಲ್ಲ. ಅ ಖರಾಬು ಸಾಗುವಳಿಗೆ ಬಾರದ ನೆಲ, ಹಿಡುವಳಿಯ ಜೊತೆಗೇ ಬರುತ್ತದೆ. ಬ ಖರಾಬು ಸಾರ್ವಜನಿಕರದು: ಹಳ್ಳ, ದಾರಿ, ಕುಂಟೆ, ಸ್ಮಶಾನ. ಅದನ್ನು ಮಾರುವ ಹಕ್ಕು ಇವರಿಗಿಲ್ಲ. ಬಾವಿಯ ಆಚೆ ತಗ್ಗಿನಲ್ಲಿ ಮಳೆಗಾಲದ ಹಳ್ಳವೇನಾದರೂ ಇದೆಯೇ? ಇದ್ದರೆ ಆ ಒಂಬತ್ತು ಗುಂಟೆ ಬಹುಶಃ ಅದೇ. ಒಂಬತ್ತು ಗುಂಟೆ ಎಂದರೆ ನಿಮ್ಮ ಬೆಂಗಳೂರಿನ ಮೂವತ್ತು–ನಲವತ್ತರ ಎಂಟು ಸೈಟಿಗಿಂತ ಒಂದು ಹಿಡಿ ಹೆಚ್ಚು. ಅಷ್ಟಕ್ಕೆ ದುಡ್ಡು ಕೊಟ್ಟು ಸರ್ಕಾರದ ಹಳ್ಳಕ್ಕೆ ಬೇಲಿ ಹಾಕಿದರೆ ಒತ್ತುವರಿದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರುತ್ತದೆ.

ಈಗ ‘ಶಾನುಭೋಗರ ಮನೆ’ ಎಂಬ ಮಾತು. ಮಾರುವವರು ಅದನ್ನು ಒಡವೆಯಂತೆ ತೋರಿಸುತ್ತಾರೆ. ನನಗೆ ಅದು ಒಂದು ದಿನಾಂಕದಂತೆ ಕೇಳಿಸುತ್ತದೆ: 1 ಫೆಬ್ರವರಿ 1963. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬಂದ ದಿನ. ಅದಕ್ಕೆ ಮುಂಚೆ ಶಾನುಭೋಗ, ಪಟೇಲ, ತಳವಾರ, ತೋಟಿ, ನೀರಗಂಟಿ ಎಲ್ಲರದೂ ವಂಶಪಾರಂಪರ್ಯದ ಹುದ್ದೆ. ಹುದ್ದೆಯ ಪ್ರತಿಫಲವಾಗಿ ಇನಾಂ ಜಮೀನು ಇರುತ್ತಿತ್ತು. ಹುದ್ದೆ ರದ್ದಾದಾಗ ಆ ಜಮೀನೆಲ್ಲ ಕಾಗದದ ಮೇಲೆ ಸರ್ಕಾರಕ್ಕೆ ಹೋಗಿ, ಹಣ ಕಟ್ಟಿದವರಿಗೆ ಮರುಮಂಜೂರಾಯಿತು. ನೀವು ನೋಡುತ್ತಿರುವ ಜಮೀನು ಹಾಗೆ ಇನಾಮಿನದೋ, ಆ ಮನೆತನದ ಸ್ವಂತದ್ದೋ? ಇನಾಮಿನದಾದರೆ ಮರುಮಂಜೂರಾತಿ ಆದೇಶ ತೋರಿಸಲಿ. ಅದಿಲ್ಲದೆ ಅರವತ್ತು ವರ್ಷ ಉಳುತ್ತಾ ಬಂದ ಕುಟುಂಬಗಳನ್ನು ನಾನು ಬಲ್ಲೆ. ಪಾಪ, ಅವರು ಮೋಸಗಾರರಲ್ಲ. ತಾತ ಕಟ್ಟಿದ್ದಾರೆ ಎಂದುಕೊಂಡು ಅಪ್ಪ, ಅಪ್ಪ ಕಟ್ಟಿದ್ದಾರೆ ಎಂದುಕೊಂಡು ಮಗ ಕುಳಿತಿರುತ್ತಾನೆ.

ಇನ್ನೊಂದು ದಿನಾಂಕ 1 ಮಾರ್ಚ್ 1974. ಅಂದು ಭೂಸುಧಾರಣಾ ಕಾಯ್ದೆಯಂತೆ ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಶಾನುಭೋಗರ ಮನೆಯ ಗಂಡುಮಕ್ಕಳು ಅಷ್ಟು ಹೊತ್ತಿಗೆ ಗುಮಾಸ್ತರಾಗಿ, ಮೇಷ್ಟರಾಗಿ ಬೆಂಗಳೂರು ಸೇರಿದ್ದರು, ಹೊಲವನ್ನು ವಾರಕ್ಕೋ ಗೇಣಿಗೋ ಬಿಟ್ಟಿದ್ದರು. ಬೆಂಗಳೂರಿನ ಸುತ್ತ ದೊಡ್ಡ ಮನೆಯೂ ಅದರ ಹಿಂದೆ ಸಣ್ಣ ತುಂಡು ಜಮೀನೂ ಉಳಿದಿರುವುದು ಏಕೆ ಎಂದು ಯೋಚಿಸಿದ್ದೀರಾ? ಉತ್ತರ ಬಹುಪಾಲು ಅಲ್ಲಿದೆ. ಅನ್ಯಾಯವೆಂದು ನಾನು ಹೇಳುತ್ತಿಲ್ಲ, ಉತ್ತವನಿಗೆ ನೆಲ ಸಿಕ್ಕಿತು. ನೀವು ಮಾಡಬೇಕಾದದ್ದು ಇಷ್ಟೆ: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ 1970ರ ಆಚೀಚಿನ ಕೈಬರಹದ ಪಹಣಿಗಳನ್ನು ತೆಗೆಸಿ, ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರರ ಹೆಸರು ನೋಡಿ. ಮಾಲೀಕರ ಹೆಸರೇ ಇದ್ದರೆ ಒಳ್ಳೆಯದು. ಬೇರೆ ಹೆಸರಿದ್ದರೆ ನಮೂನೆ 7 ಬಿದ್ದಿತ್ತೇ, ಏನು ತೀರ್ಪಾಯಿತು ಎಂಬುದಕ್ಕೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬೇಕು. ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ ಎಂಬುದನ್ನೂ ನೋಡಿ. ಹಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಸಿಂಧು. 2023ರ ತಿದ್ದುಪಡಿಯಾದ ಮೇಲೆ ‘ಬಹಳ ಹಳೆಯ ಮಾತು ಬಿಡಿ’ ಎನ್ನುವ ಹಾಗೂ ಇಲ್ಲ.

ಒಂಬತ್ತನೆಯ ಕಾಲಂನಲ್ಲಿ ಮೂರು ಹೆಸರು, ಜಂಟಿ. ಹತ್ತನೆಯದರಲ್ಲಿ ‘ಪೌತಿ’, ಅಂದರೆ ಹಿರಿಯರು ತೀರಿಕೊಂಡ ಮೇಲೆ ವಾರಸುದಾರರಿಗೆ ಆದ ಖಾತೆ. ನೂರ ಇಪ್ಪತ್ತು ವರ್ಷದ ಮನೆಗೆ ಮೂರೇ ವಾರಸುದಾರರೇ? ಕಟ್ಟಿಸಿದವರಿಗೆ ಐವರು ಮಕ್ಕಳು, ಅವರಿಗೆ ತಲಾ ನಾಲ್ವರು ಎಂದು ಹಿಡಿದರೂ ಎರಡನೆಯ ತಲೆಗೇ ಇಪ್ಪತ್ತು ಜನ. ಅವರೆಲ್ಲ ಎಲ್ಲಿ ಹೋದರು? ವಿಭಾಗಪತ್ರ ಆಗಿದೆಯೇ? ನಾಡಕಚೇರಿಯ ವಂಶವೃಕ್ಷವನ್ನು ಅರ್ಜಿದಾರರು ಹೇಳಿದಂತೆ ಬರೆದಿರುತ್ತಾರೆ. ಅದರಲ್ಲಿ ಮರೆತುಹೋಗುವ ಕೊಂಬೆಗಳು ಯಾವಾಗಲೂ ಹೆಣ್ಣುಮಕ್ಕಳವು, ಇಲ್ಲವೇ ಜಗಳವಾಡಿ ಊರು ಬಿಟ್ಟವನದು. ಊರಿನ ಅರಳಿಕಟ್ಟೆಯ ಹತ್ತಿರ ಎಪ್ಪತ್ತೈದು ದಾಟಿದ ಹೆಂಗಸೊಬ್ಬರನ್ನು ಹಿಡಿದು ‘ಆ ಮನೆಯಲ್ಲಿ ಎಷ್ಟು ಮದುವೆ ನೋಡಿದ್ದೀರಮ್ಮ?’ ಎಂದು ಕೇಳಿ. ವಕೀಲರ ವರದಿಗಿಂತ ಅದು ಪೂರ್ತಿಯಾಗಿರುತ್ತದೆ. ವಕೀಲರ ವರದಿಯೂ ಬೇಕು, ಅದು ಬೇರೆ.

ಋಣಭಾರ ಪ್ರಮಾಣಪತ್ರವನ್ನು ಗಣಕದಲ್ಲಿ ಸಿಗುವಷ್ಟು ವರ್ಷಕ್ಕೆ ಮಾತ್ರ ತೆಗೆದು ತೃಪ್ತಿಪಡಬೇಡಿ, ಹಿಂದಿನ ಕೈಬರಹದ ಸಂಪುಟಗಳನ್ನೂ ಹುಡುಕಿಸಿ. ಹನ್ನೊಂದನೆಯ ಕಾಲಂನಲ್ಲಿ ಸಹಕಾರ ಸಂಘದ ಹಳೆಯ ಸಾಲ ಕಾಣುತ್ತಿದೆ. ತೀರಿದ್ದರೆ ತೀರುವಳಿ ಪತ್ರ ತರಲಿ, ಅದು ಒಂದು ವಾರದ ಕೆಲಸ.

ಅಲ್ಲಿನ ನೆಲಕ್ಕೆ ಇನ್ನೊಂದು ಸಂಗತಿ ಅಂಟಿಕೊಂಡಿದೆ. ಅರ್ಕಾವತಿಯೂ ಕುಮುದ್ವತಿಯೂ ಸೇರುವಲ್ಲಿ 1933ರಲ್ಲಿ ಕಟ್ಟಿದ ಚಾಮರಾಜ ಸಾಗರ, ಅಂದರೆ ತಿಪ್ಪಗೊಂಡನಹಳ್ಳಿ ಜಲಾಶಯ, ಅಲ್ಲಿಂದ ದೂರವಿಲ್ಲ. ಅದರ ಜಲಾನಯನ ಪ್ರದೇಶವನ್ನು 2003ರಲ್ಲಿ ವಲಯಗಳಾಗಿ ವಿಂಗಡಿಸಿ ಕಟ್ಟಡಗಳಿಗೆ ನಿರ್ಬಂಧ ಹಾಕಿದರು, ಆಮೇಲೆ ಬದಲಾವಣೆಗಳೂ ಆದವು. ನಿಮ್ಮ ಸರ್ವೆ ನಂಬರು ಯಾವ ವಲಯಕ್ಕೆ ಬರುತ್ತದೆ ಎಂದು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ. ಉಪನಗರ ವರ್ತುಲ ರಸ್ತೆಯೂ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಎಂದು ಬೆಂಗಳೂರನ್ನು ಸುತ್ತಿಬರುತ್ತದೆ. ಭೂಸ್ವಾಧೀನದ ಅಧಿಸೂಚನೆಯಲ್ಲಿ ನಿಮ್ಮ ನಂಬರಿದೆಯೇ ಎಂದು ನೋಡಿ. ಹಳೆಯ ಮನೆ ಇದ್ದಕ್ಕಿದ್ದಂತೆ ಮಾರಾಟಕ್ಕೆ ಬರುವುದಕ್ಕೆ ಮಕ್ಕಳು ಅಮೆರಿಕಕ್ಕೆ ಹೋದದ್ದು ಒಂದೇ ಕಾರಣವಾಗಿರಬೇಕಿಲ್ಲ.

ದಾರಿಯನ್ನೂ ಕೇಳಿ: ನೀವು ಕಾರಿನಲ್ಲಿ ಹೋದ ದಾರಿ ನಕಾಶೆ ಕಂಡ ದಾರಿಯೋ, ಪಕ್ಕದವರ ಔದಾರ್ಯವೋ?

ಇಷ್ಟೆಲ್ಲ ಸರಿ ಬಂದರೆ ಕೊಳ್ಳಿ, ಸಂತೋಷವಾಗಿ ಕೊಳ್ಳಿ. ಸೇದುವ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದಾದರೆ ಹೇಳಿದ ಬೆಲೆಗೆ ಒಂದಿಷ್ಟು ಜಾಸ್ತಿ ಕೊಟ್ಟರೂ ನಾನು ಬೈಯುವುದಿಲ್ಲ. ಸುತ್ತಮುತ್ತ ಸಾವಿರ ಅಡಿ ಕೊರೆದು ಧೂಳು ಕಂಡವರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ನಮ್ಮ ತಾತ ಕಟ್ಟಿಸಿದ ಮನೆಯನ್ನು ಅಣ್ಣಂದಿರು ಮಾರುತ್ತಿದ್ದಾರೆ. ಅಪ್ಪ 1998ರಲ್ಲಿ ತೀರಿಕೊಂಡರು, ಉಯಿಲು ಇಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಬರೀ ಶಾಸ್ತ್ರಕ್ಕೆ ಎನ್ನುತ್ತಿದ್ದಾರೆ. ನನಗೆ ದುಡ್ಡಿನ ಆಸೆ ಇಲ್ಲ. ಅಜ್ಜಿ ದಿನವೂ ಅರಿಸಿನ ಹಚ್ಚುತ್ತಿದ್ದ ಹೊಸ್ತಿಲು ಮತ್ತು ಹೆಬ್ಬಾಗಿಲು ಬೇಕು. ಕೇಳಿದರೆ ಜಗಳವಾಗುತ್ತದೆಯೇ?
— ಗಿರಿನಗರದ ಓದುಗರು

ಉತ್ತರ: ತಾಯಿ, ಶಾಸ್ತ್ರಕ್ಕೆ ಹಾಕುವುದು ಅಕ್ಷತೆ. ನೋಂದಣಿ ಕಚೇರಿಯಲ್ಲಿ ಹಾಕುವುದು ಹಕ್ಕು.

ನಿಮ್ಮ ಪಾಲು ಅಣ್ಣಂದಿರ ಪಾಲಿಗೆ ಸಮ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಹಕ್ಕುದಾರಳು. ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗ ಆಗಿದ್ದರೆ ಕಥೆ ಬೇರೆ. ಮನೆ ಅಪ್ಪನ ಸ್ವಂತ ಸಂಪಾದನೆಯೇ ಆಗಿದ್ದರೂ, ಉಯಿಲಿಲ್ಲದೆ ಹೋದವರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು 1956ರಿಂದಲೇ ಇದೆ. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಗಳು ಪಾಲು ಕೇಳುವಂತಿಲ್ಲ ಎಂಬ ಸೆಕ್ಷನ್ ಒಂದಿತ್ತು, 23ನೆಯದು. ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ಅದೂ 2005ರಲ್ಲಿ ಹೋಯಿತು. ಬಿಟ್ಟುಕೊಡುವುದಾದರೆ ಏನನ್ನು ಬಿಡುತ್ತಿದ್ದೀರಿ ಎಂದು ತಿಳಿದು ಬಿಡಿ, ಅದು ನಿಮ್ಮ ದೊಡ್ಡತನ. ತಿಳಿಯದೆ ಬಿಟ್ಟರೆ ಹತ್ತು ವರ್ಷದ ಮೇಲೆ ಹೊಟ್ಟೆ ಉರಿಯುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕುಣಿಗಲ್ ಕಡೆಯ ನಮ್ಮದೇ ಮನೆಯನ್ನು 1994ರಲ್ಲಿ ಮಾರಿದಾಗ ತಿಪಟೂರಿನಲ್ಲಿದ್ದ ಸೋದರತ್ತೆಯ ಸಹಿ ಹಾಕಿಸಲಿಲ್ಲ. ‘ಮದುವೆಯಲ್ಲಿ ಕೊಟ್ಟಾಗಿದೆಯಲ್ಲ’ ಎಂದರು ನಮ್ಮ ತಂದೆ. ಊರವರ ಗಡಿಯನ್ನೆಲ್ಲ ಅಳೆಯುತ್ತಿದ್ದ ನಾನು ಪಕ್ಕದಲ್ಲಿ ಕುಳಿತು ತಲೆಯಾಡಿಸಿದೆ. ಅತ್ತೆ ಕೇಳಿದ್ದರೆ ಅಂದು ಒಂದು ರೇಷ್ಮೆ ಸೀರೆಗೂ ಒಪ್ಪುತ್ತಿದ್ದರೋ ಏನೋ. ಕೇಳಲಿಲ್ಲ ಎಂಬುದೇ ಅವರಿಗೆ ಚುಚ್ಚಿತು. ದಾವೆ ಹನ್ನೊಂದು ವರ್ಷ ನಡೆಯಿತು. ಕೊಂಡವರು ತಡೆಯಾಜ್ಞೆಯ ದೆಸೆಯಿಂದ ಒಂದು ಹೆಂಚೂ ಬದಲಿಸುವ ಹಾಗಿರಲಿಲ್ಲ. ರಾಜಿಯಾದ ವರ್ಷ ನೋಡಲು ಹೋದರೆ ನಡುಮನೆಯ ಸೂರು ತೊಟ್ಟಿಯೊಳಗೆ ಬಿದ್ದಿತ್ತು, ಅದರ ನಡುವೆ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ಅತ್ತೆ ಆಮೇಲೆ ನಮ್ಮ ಮನೆಗೆ ಬಂದರು, ಊಟ ಮಾಡಿದರು. ಮೊದಲಿನ ಹಾಗೆ ಮಾತಾಡಲಿಲ್ಲ.

ಹೆಬ್ಬಾಗಿಲಿನ ವಿಷಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೆಯ ಸೆಕ್ಷನ್ ಬರೆದ ಪುಣ್ಯಾತ್ಮ ನಿಮ್ಮಂಥವರನ್ನು ಕಂಡಿರಬೇಕು. ಮನೆ ಮಾರಿದರೆ ಅದರ ಬೀಗ, ಬೀಗದ ಕೈ, ಬಾಗಿಲು, ಕಿಟಕಿಗಳೂ ಕೊಂಡವರಿಗೆ ಹೋಗುತ್ತವೆ ಎಂದು ಹೆಸರು ಹಿಡಿದು ಬರೆದಿದೆ. ಬೇರೆ ಮಾತಾಗಿದ್ದರೆ ಮಾತ್ರ ಹೋಗುವುದಿಲ್ಲ. ಆದ್ದರಿಂದ ಕ್ರಯದ ಕರಾರಿನಲ್ಲೇ ‘ಪೂರ್ವದಿಕ್ಕಿನ ಹೆಬ್ಬಾಗಿಲು, ಚೌಕಟ್ಟು ಮತ್ತು ಹೊಸ್ತಿಲು ಈ ಮಾರಾಟಕ್ಕೆ ಸೇರಿಲ್ಲ’ ಎಂದು ಒಂದು ಸಾಲು ಬರೆಸಿ. ಜಗಳವಾಗುತ್ತದೆಯೇ ಎಂದು ಕೇಳಿದ್ದೀರಿ. ಸಹಿಗೆ ಮುಂಚೆ ಕೇಳಿದರೆ ಆಗುವುದಿಲ್ಲ. ಮರುದಿನ ಬಡಗಿಯನ್ನು ಕರೆದುಕೊಂಡು ಹೋದರೆ ಆಗುತ್ತದೆ. ಬಾಗಿಲು ಹಲಸಿನದಾದರೆ ಹೊರಲು ನಾಲ್ಕು ಜನ ಬೇಕಾದೀತು. ಗಿರಿನಗರದ ಮನೆಯಲ್ಲಿ ಅಷ್ಟು ಅಗಲದ ಗೋಡೆ ಇದೆಯೇ ಎಂದೂ ಅಳೆದುಕೊಳ್ಳಿ.

ಪ್ರಶ್ನೆ: ದೇವನಹಳ್ಳಿಯ ಹತ್ತಿರದ ನಮ್ಮ ಹಳೆಯ ಮನೆ ಮಾರುವ ಮುಂಚೆ ಸ್ವಲ್ಪ ಚೆಂದ ಮಾಡಿಸಬೇಕೆಂದಿದ್ದೇವೆ. ಮಣ್ಣಿನ ಗೋಡೆ, ಪಡಸಾಲೆಗೆ ಮದ್ರಾಸ್ ತಾರಸಿ, ಅದು ಒಂದು ಮೂಲೆಯಲ್ಲಿ ಸೋರುತ್ತದೆ. ಗೋಡೆಗೆಲ್ಲ ಸಿಮೆಂಟ್ ಹೊಡೆದು, ಮೇಲೆ ಟೈಲ್ಸ್ ಹಾಕಿದರೆ ಐವತ್ತು ವರ್ಷ ನೋಡಬೇಕಿಲ್ಲ ಎನ್ನುತ್ತಾರೆ ಮೇಸ್ತ್ರಿ.
— ಯಲಹಂಕದ ಓದುಗರು

ಉತ್ತರ: ಐವತ್ತು ವರ್ಷ ನೋಡಬೇಕಿಲ್ಲ ಎಂಬುದು ನಿಜ, ಐದು ವರ್ಷದ ಮೇಲೆ ನೋಡಲು ಗೋಡೆಯೇ ಇರುವುದಿಲ್ಲ. ಮಣ್ಣಿನ ಗೋಡೆ ಬುಡದಿಂದ ತೇವ ಹೀರುತ್ತದೆ, ಮೈಯಿಂದ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗಿ, ಒಂದು ಮಳೆಗಾಲದಲ್ಲಿ ಸಿಮೆಂಟಿನ ಪದರ ಹಪ್ಪಳದಂತೆ ಎದ್ದು ಬರುತ್ತದೆ, ಬರುವಾಗ ಗೋಡೆಯನ್ನೂ ತರುತ್ತದೆ.

ತಾರಸಿಯ ಮೇಲೆ ಹತ್ತಿ ನೋಡಿದ್ದೀರಾ? ಮದ್ರಾಸ್ ತಾರಸಿ ಎಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸಿ, ಮೇಲೆ ಇಟ್ಟಿಗೆಚೂರು–ಸುಣ್ಣದ ಗಚ್ಚು ಹಾಕಿ ದಿನಗಟ್ಟಲೆ ಬಡಿದದ್ದು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಯಿಂದ ಬಡಿಯುತ್ತಿದ್ದರು. ಅಂಥದು ಸುಮ್ಮನೆ ಸೋರುವುದಿಲ್ಲ. ಆ ಮೂಲೆಯಲ್ಲಿ ನೀರು ಹೋಗುವ ತೂಬು ಕಟ್ಟಿರಬೇಕು, ಇಲ್ಲವೇ ಅರಳಿ ಸಸಿಯೊಂದು ಬೇರು ಬಿಟ್ಟಿರಬೇಕು. ಸಸಿಯನ್ನು ಕಿತ್ತೆಸೆದರೆ ಸಾಲದು, ಬೇರು ಸಾಯಬೇಕು. ಆಮೇಲೆ ಬಿರುಕಿಗೆ ಸುಣ್ಣ–ಇಟ್ಟಿಗೆಪುಡಿಯ ಗಾರೆ. ಟೈಲ್ಸಿನ ಭಾರ ಹೇರುವ ಮುಂಚೆ ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಮೊಳೆ ಚುಚ್ಚಿ ನೋಡಿ. ಗೆದ್ದಲು ಮೊದಲು ತಿನ್ನುವುದು ಅಲ್ಲಿ. ಮೊಳೆ ಸರಾಗವಾಗಿ ಒಳಗೆ ಹೋದರೆ ಮೇಸ್ತ್ರಿಯನ್ನು ಬಿಟ್ಟು ಬಡಗಿಯನ್ನು ಕರೆಯಿರಿ.

ಮಾರುವುದಕ್ಕಾದರೆ ಬಣ್ಣ ಹೊಡೆಯಲೂ ಬೇಡಿ. ಬಿರುಕು ಕಾಣಿಸುವ ಮನೆಯನ್ನು ನಂಬಿ ಕೊಳ್ಳುತ್ತಾರೆ. ಹೊಸ ಡಿಸ್ಟೆಂಪರ್ ಕಂಡರೆ ನನ್ನಂಥವನು ಗೋಡೆ ತಟ್ಟಲು ಶುರು ಮಾಡುತ್ತಾನೆ.

ಪ್ರಶ್ನೆ: ಹೊಸಕೋಟೆ ಕಡೆ ಹಳೆಯ ಮನೆಯೊಂದನ್ನು ತೋರಿಸಿದ ದಲ್ಲಾಳಿ, ನಡುಮನೆಯ ನೆಲ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ನಿಧಿ ಇದೆ, ಅದಕ್ಕೇ ಬೆಲೆ ಹೆಚ್ಚು ಎಂದು ಗುಟ್ಟಾಗಿ ಹೇಳಿದರು. ನಿಜವಿರಬಹುದೇ?
— ಕೆ.ಆರ್. ಪುರದ ಓದುಗರು

ಉತ್ತರ: ಟೊಳ್ಳು ಸದ್ದು ನಿಜ. ಅದು ಹಗೇವು, ರಾಗಿ ತುಂಬಿಡುತ್ತಿದ್ದ ನೆಲಗುಳಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾ‍ಲ ದಾಟಿಸಿದ ಬ್ಯಾಂಕು ಅದು. ನಿಧಿ ಎಂದೇ ಹಟವಾದರೆ, ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನಿದೆ. ಹಾಗಾಗಿ ನೀವು ಹೆಚ್ಚಿಗೆ ಕೊಡುವ ಬೆಲೆ ಸರ್ಕಾರದ ಪರವಾಗಿ ಕೊಟ್ಟಂತೆ.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಬಹುಕಾಲ ಮುಚ್ಚಿದ್ದ ಹಗೇವಿನೊಳಗೆ ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಹಳೆಯ ಕಾಲದವರು ಬಾಯಿ ತೆರೆದು ದಿನಗಟ್ಟಲೆ ಬಿಟ್ಟು, ದೀಪ ಇಳಿಸಿ ನೋಡದೆ ಕಾಲಿಡುತ್ತಿರಲಿಲ್ಲ. ನೀವು ದೀಪವನ್ನೂ ನಂಬಬೇಡಿ, ಅದನ್ನು ಹಾಗೇ ಮುಚ್ಚಿಡಿ.

ಪ್ರಶ್ನೆ: ಪಾರಂಪರಿಕ ತೋಟದ ಮನೆಯ ಸುತ್ತಲಿನ ಜಮೀನನ್ನು ಐದೈದು ಗುಂಟೆಯ ಫಾರ್ಮ್ ಪ್ಲಾಟ್ ಮಾಡಿ ಮಾರುತ್ತಿದ್ದಾರೆ. ಕೊಂಡವರೆಲ್ಲರಿಗೂ ಹಳೆಯ ಮನೆ ಕ್ಲಬ್ ಹೌಸ್ ಆಗುತ್ತದಂತೆ.
— ವಿಜಯನಗರದ ಓದುಗರು

ಉತ್ತರ: ಬೇಡ. ಜಮೀನು ಕೃಷಿಯದಾಗಿಯೇ ಉಳಿದಿರುತ್ತದೆ. ಭೂಕಂದಾಯ ಕಾಯ್ದೆಯ 95ನೆಯ ಸೆಕ್ಷನ್ ಅಡಿ ಪರಿವರ್ತನೆ ಇಲ್ಲದೆ ಕಟ್ಟಬಹುದಾದದ್ದು ಹಿಡುವಳಿಯ ಶೇಕಡಾ ಹತ್ತನ್ನು ಮೀರದ ತೋಟದ ಮನೆ, ಅದೂ ನಿಜವಾಗಿ ಬೇಸಾಯ ಮಾಡುವವನಿಗೆ. ಐದು ಗುಂಟೆಯಲ್ಲಿ ಹತ್ತನೆಯ ಒಂದು ಪಾಲು 544 ಚದರಡಿ. ಪೋಡಿ ಆಗದಿದ್ದರೆ, ಅಂದರೆ ಪ್ರತಿ ತುಂಡನ್ನೂ ಅಳೆದು ಬೇರೆ ನಂಬರು ಕೊಡದಿದ್ದರೆ, ಪಹಣಿಯಲ್ಲಿ ಮೂವತ್ತು ಜನ ಅಪರಿಚಿತರ ಜೊತೆ ನಿಮ್ಮ ಹೆಸರು ಜಂಟಿಯಾಗಿ ಕೂರುತ್ತದೆ. ಕ್ಲಬ್ ಹೌಸಿನ ಹೆಂಚು ಬದಲಿಸಬೇಕೆಂದರೆ ಮೂವತ್ತು ಜನರನ್ನೂ ಕೇಳಬೇಕು.

ಪ್ರಶ್ನೆ: ಎಲ್ಲರ ಮನೆಯ ತಪ್ಪು ಹುಡುಕುವ ತಾವು ಇರುವುದು ಎಂಥ ಮನೆಯಲ್ಲಿ?
— ಹೆಸರು ಬರೆದಿಲ್ಲ, ಅಂಚೆ ಮುದ್ರೆ ಬಸವನಗುಡಿ

ಉತ್ತರ: ಹನುಮಂತನಗರದಲ್ಲಿ, 1987ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಕ್ರಯಪತ್ರ, ಖಾತೆ, ನಕ್ಷೆ, ಕಂದಾಯದ ರಸೀದಿ ಎಲ್ಲ ಒಂದೇ ಕಡತದಲ್ಲಿವೆ. ನಾಲ್ಕೂ ಮೂಲೆಯನ್ನು ನಾನೇ ಅಳೆದಿದ್ದೇನೆ, ಒಂದಂಗುಲ ಅತ್ತಿತ್ತ ಇಲ್ಲ. ಮಳೆ ಬಂದರೆ ದೇವರ ಕೋಣೆ ಸೋರುತ್ತದೆ.